ಅತ್ತಿಮರದಡಿಯ ಅನಧಿಕೃತ ನೆಮ್ಮದಿಯನ್ನು ಕ್ರಮಬದ್ಧಗೊಳಿಸುವ ಕುರಿತು

(ಇಲಾಖೆಯ ಹೆಸರಿನ ಮೇಲೆಯೇ ಸ್ವೀಕೃತಿ ಮುದ್ರೆ ಬಿದ್ದಿರುವುದರಿಂದ ಹೆಸರನ್ನು ಆಯಾ ಓದುಗರೇ ಊಹಿಸಿಕೊಳ್ಳತಕ್ಕದ್ದು)

ಸಂಖ್ಯೆ: ಆಡಳಿತ/ಮೌನ/ಅತ್ತಿ/ತಿದ್ದುಪಡಿಯ ತಿದ್ದುಪಡಿ
ದಿನಾಂಕ: ಸಹಿಯಾದ ದಿನ. ಜಾರಿ ಮಾತ್ರ ಅದಕ್ಕೂ ಹಿಂದಿನಿಂದ.

ಸುತ್ತೋಲೆ

ವಿಷಯ: ಊಟದ ವಿರಾಮದಲ್ಲಿ ಕಚೇರಿ ಹಿತ್ತಲಿನ ಅತ್ತಿಮರದ ಕೆಳಗೆ ಸುಮ್ಮನೆ ಕುಳಿತು, ನಿಸರ್ಗದ ಮೂಲಕ ಆತ್ಮಸಂಬಂಧ ಹೊಂದುವುದನ್ನು ಎಲ್ಲ ಸಿಬ್ಬಂದಿಗೆ ಕಡ್ಡಾಯಗೊಳಿಸುವ ಬಗ್ಗೆ, ಹಾಗೂ ಕಡ್ಡಾಯವಾಗುವ ಮುನ್ನವೇ ಅದನ್ನು ಹೊಂದಿದ್ದ ಮಹಿಳಾ ನೌಕರರೊಬ್ಬರ ಮೇಲೆ ಕ್ರಮ ಜರುಗಿಸುವ ಬಗ್ಗೆ.

ಉಲ್ಲೇಖ:
(ಅ) ಮಾನ್ಯ ನಿರ್ದೇಶಕರು ಗುಡ್ಡದ ಮೇಲಿನ ಮೌನ ಶಿಬಿರದಿಂದ ಮರಳಿದ ದಿನ ಕಚೇರಿಯ ಮೆಟ್ಟಿಲ ಮೇಲೆ ನಿಂತು ನೀಡಿದ ಮೌಖಿಕ ಆದೇಶ.
(ಆ) ಅದೇ ಮೆಟ್ಟಿಲ ಮೇಲೆ ಆ ಆದೇಶಕ್ಕೆ ನೀಡಿದ ವಿವರಣೆ, ಮತ್ತು ಆ ವಿವರಣೆಯ ವಿವರಣೆ.
(ಇ) ಭದ್ರತಾ ಶಾಖೆಯ ಟಿಪ್ಪಣಿ: ‘ಮರದ ಕೆಳಗೆ ಗುರುತು ಸಿಗದ ವ್ಯಕ್ತಿ’.
(ಈ) ಜವಾನನ ವರದಿ. ಸಹಿ ಇಲ್ಲದ್ದು.

ಪ್ರಸ್ತಾವನೆ:

ಈ ಕಚೇರಿಯ ನೀರಿನ ದೂರು ಕೌಂಟರಿನಲ್ಲಿ, ಗಾಜಿನ ಹಿಂದೆ, ಬಹುಕಾಲದಿಂದ ಕೆಲಸ ಮಾಡುತ್ತಿರುವ ಮತ್ತು ಸಿಬ್ಬಂದಿಯೂ ಸಾರ್ವಜನಿಕರೂ ಒಂದೇ ಬಾಯಲ್ಲಿ ‘ಗಾಜಿನಕ್ಕ’ ಎಂದು ಕರೆಯುವ ನೌಕರರನ್ನು (ಇನ್ನು ಮುಂದೆ ‘ಸದರಿ ಅಕ್ಕ’) ಅರಿಯದವರಿಲ್ಲ. ಬೆಳಿಗ್ಗೆ ಬಾಗಿಲು ತೆರೆದದ್ದೇ ತಡ, ನಲ್ಲಿಯಲ್ಲಿ ನೀರು ಬಾರದವರು, ಬಂದರೂ ಕೆಸರು ಬಂದವರು, ಪಕ್ಕದ ಮನೆಗೆ ಬಂದದ್ದಕ್ಕೆ ಹೊಟ್ಟೆಕಿಚ್ಚು ಪಟ್ಟವರು ಸಾಲುಗಟ್ಟಿ ನಿಂತು ಗಾಜಿನ ತೂತಿನೊಳಗೆ ಬಾಯಿಟ್ಟು ಕೂಗುತ್ತಾರೆ. ಪೈಪು ಹೂತವರು ಬೇರೆ, ವಾಲ್ವು ತಿರುಗಿಸುವವರು ಬೇರೆ, ತಿರುಗಿಸದೆ ಮನೆಗೆ ಹೋದವರು ಬೇರೆ. ಬೈಸಿಕೊಳ್ಳುವವರು ಮಾತ್ರ ಸದರಿ ಅಕ್ಕ. ಇದು ಇಲಾಖೆಯ ಕಾರ್ಯಹಂಚಿಕೆಯಂತೆಯೇ ಇರುವುದರಿಂದ ಈ ಬಗ್ಗೆ ಆಕ್ಷೇಪಣೆಗೆ ಅವಕಾಶವಿಲ್ಲ.

ಮನೆಗೆ ಹೋದರೂ ಸದರಿ ಅಕ್ಕನಿಗೆ ಬಿಡುವಿಲ್ಲ. ಮಾವನಿಗೆ ಕಿವಿ ಮಂದ, ಆದ್ದರಿಂದ ಟಿವಿ ಜೋರು. ಗಂಡ ನಡುಮನೆಯಲ್ಲೇ ಮಿಕ್ಸಿ ರಿಪೇರಿ ಮಾಡುವವರು. ರಿಪೇರಿಯಾಯಿತೋ ಇಲ್ಲವೋ ಎಂದು ತಿಳಿಯಲು ಪ್ರತಿ ಮಿಕ್ಸಿಯನ್ನೂ ಖಾಲಿ ಓಡಿಸಿ ನೋಡುತ್ತಾರೆ. ಹೀಗಿರುವಾಗ ಸದರಿ ಅಕ್ಕ ಊಟದ ವಿರಾಮದಲ್ಲಿ ಹಿತ್ತಲಿಗೆ ಹೋಗಿ, ಅತ್ತಿಮರದ ಕೆಳಗೆ ಇಲಾಖೆಯೇ ಮರೆತುಬಿಟ್ಟಿರುವ ಒಡಕು ಸಿಮೆಂಟ್ ಪೈಪಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತು ಬರುತ್ತಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲ. ಬಾರದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ವಾಕ್ಯವನ್ನು ಕರಡಿನಿಂದ ತೆಗೆದುಹಾಕಲಾಗಿದೆ.

ಈ ನಡುವೆ ಮಾನ್ಯ ನಿರ್ದೇಶಕರು ಗುಡ್ಡದ ಮೇಲಿನ ಹೋಟೆಲೊಂದರಲ್ಲಿ ನಡೆದ ಮೌನ ಶಿಬಿರದಲ್ಲಿ ಐದು ದಿನ ಮಾತಾಡದೆ ಇದ್ದು ಬಂದರು. ಆ ಐದು ದಿನಗಳ ಬಗ್ಗೆ ಅಂದಿನಿಂದ ಇಂದಿನವರೆಗೆ ಎಡೆಬಿಡದೆ ಮಾತಾಡುತ್ತಿದ್ದಾರೆ. ಒಮ್ಮೆ ಫೋನಿನಲ್ಲಿ ಇದೇ ಮಾತಾಡುತ್ತಾ ಹಿತ್ತಲಿಗೆ ಹೋದವರು, ಪೈಪಿನ ಮೇಲೆ ಕುಳಿತ ಸದರಿ ಅಕ್ಕನ ಮುಖ ಕಂಡು ಫೋನನ್ನು ಕಿವಿಯಿಂದ ತೆಗೆದರು. ಗುಡ್ಡದ ಮೇಲೆ ತಮಗೆ ಕೊನೆಗೂ ಸಿಗದೆ ಹೋದದ್ದು ತಮ್ಮದೇ ಕಚೇರಿಯ ಕೆಳಹಂತದ ನೌಕರರೊಬ್ಬರ ಬಳಿ ಅನುಮತಿಯಿಲ್ಲದೆ ಇರುವುದು ಮಾನ್ಯರ ಗಮನಕ್ಕೆ ಬಂದಿತು. ಕೂಡಲೇ ಹೇಳಿಕೆ ಪಡೆಯುವಂತೆ ಕಚೇರಿ ಅಧೀಕ್ಷಕರಿಗೆ ಆದೇಶವಾಯಿತು. ಅಧೀಕ್ಷಕರು ಬರೆದುಕೊಂಡ ಸದರಿ ಅಕ್ಕನ ಹೇಳಿಕೆ ಯಥಾವತ್ತಾಗಿ ಹೀಗಿದೆ:

“ಏನೂ ಮಾಡಲ್ಲ ಸಾರ್. ಡಬ್ಬಿ ತೊಳೆದಿಟ್ಟು ಬಂದು ಕೂತ್ಕೋತೀನಿ. ಎಲೆ ಅಲ್ಲಾಡ್ತಾ ಇರುತ್ತೆ. ಇರುವೆ ಅವುಗಳ ಪಾಡಿಗೆ ಹೋಗ್ತಿರ್ತವೆ. ಮೊದಲಿಗೆ ಬೆಳಿಗ್ಗೆಯಿಂದ ಬೈಸ್ಕೊಂಡಿದ್ದೆಲ್ಲ ತಲೇಲಿ ಗುಂಯ್ ಅಂತಿರುತ್ತೆ, ಆಮೇಲೆ ತಾನಾಗೇ ನಿಂತುಹೋಗುತ್ತೆ. ನಿಂತ ಮೇಲೆ, ಹೇಗೆ ಹೇಳ್ಲಿ, ಪಕ್ಕದಲ್ಲಿ ಯಾರೋ ಬಂದು ಕೂತ ಹಾಗಾಗುತ್ತೆ. ದೇವರು ಅಂತ ನಾನು ಹೇಳಲ್ಲಪ್ಪ, ಅಷ್ಟೆಲ್ಲ ನನಗೆ ಗೊತ್ತಿಲ್ಲ. ನಾನು ಒಬ್ಳೇ ಇಲ್ಲ ಅಂತ ಗೊತ್ತಾಗುತ್ತೆ ನೋಡಿ, ಅಷ್ಟು ಸಾಕು.”

ಈ ಹೇಳಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಇಂಥ ಸೌಲಭ್ಯವು ಒಬ್ಬರಿಗೇ ದೊರೆಯುವುದು ಸಮಾನತೆಗೆ ವಿರುದ್ಧವೆಂದು ಕಂಡುಬಂದಿರುವುದರಿಂದ, ಈ ಕೆಳಗಿನಂತೆ ಆದೇಶಿಸಲಾಗಿದೆ.

೧. ಎಲ್ಲ ಸಿಬ್ಬಂದಿಯು ಪ್ರತಿದಿನ ಊಟದ ವಿರಾಮದ ಎರಡನೇ ಗಂಟೆ ಬಾರಿಸಿದ ಕೂಡಲೇ ಅತ್ತಿಮರದ ಕೆಳಗೆ ಹಾಜರಿದ್ದು ನೆಮ್ಮದಿ ಹೊಂದತಕ್ಕದ್ದು. ತಡವಾಗಿ ಬಂದವರಿಗೆ ಅರ್ಧ ದಿನದ ರಜೆ ಕಡಿತವಾಗುವುದು, ನೆಮ್ಮದಿ ಹೊಂದಿದ್ದರೂ ಸಹ.

೨. ಮರದ ನೆರಳು ಸಿಬ್ಬಂದಿಯ ಸಂಖ್ಯೆಗೆ ಸಾಲದೆ ಇರುವುದರಿಂದ ಅದನ್ನು ದರ್ಜೆವಾರು ಹಂಚಲಾಗಿದೆ. ಮೇಲಧಿಕಾರಿಗಳಿಗೆ ಪೂರ್ಣ ನೆರಳು, ಗುಮಾಸ್ತರಿಗೆ ಎಲೆಗಳ ನಡುವೆ ಬಿಸಿಲು ಬೀಳುವ ನೆರಳು, ಜವಾನರಿಗೆ ಮತ್ತು ವಾಲ್ವು ತಿರುಗಿಸುವವರಿಗೆ ಬಿಸಿಲು. ಸೂರ್ಯನು ಈ ಹಂಚಿಕೆಯನ್ನು ಕಿವಿಗೆ ಹಾಕಿಕೊಳ್ಳದೆ ಚಲಿಸುತ್ತಿರುವುದರಿಂದ, ನೆರಳು ಸರಿದಂತೆಲ್ಲ ಮೇಲಧಿಕಾರಿಗಳ ಕುರ್ಚಿ ಸರಿಸಲು ಕಿರಿಯ ಇಂಜಿನಿಯರೊಬ್ಬರನ್ನು ನೇಮಿಸಲಾಗಿದೆ. ಸರಿದು ಬಂದ ನೆರಳಿನಲ್ಲಿ ಆಕಸ್ಮಿಕವಾಗಿ ಸಿಕ್ಕಿಕೊಂಡ ಕೆಳದರ್ಜೆಯ ನೌಕರರು ಕೂಡಲೇ ಎದ್ದು ಬಿಸಿಲಿಗೆ ಹೋಗತಕ್ಕದ್ದು.

೩. ಮೌನದ ಅವಧಿಯುದ್ದಕ್ಕೂ ಮಾನ್ಯ ನಿರ್ದೇಶಕರು ‘ಮೌನದ ಮಹಿಮೆ’ ಎಂಬ ವಿಷಯವಾಗಿ ಮೈಕಿನಲ್ಲಿ ಮಾತಾಡುವರು. ಮೈಕಿಗೆ ವಿದ್ಯುತ್ ಒದಗಿಸಲು ಮರದ ಬುಡದಲ್ಲೇ ಜನರೇಟರ್ ಇಡಲಾಗಿದ್ದು, ಜನರೇಟರಿನ ಸದ್ದಿನಲ್ಲಿ ಮಾನ್ಯರ ಮಾತು ಕೇಳಿಸುತ್ತಿಲ್ಲವೆಂಬ ದೂರಿನ ಮೇರೆಗೆ ಇನ್ನೂ ಎರಡು ಧ್ವನಿವರ್ಧಕಗಳನ್ನು ಕೊಂಬೆಗೆ ಕಟ್ಟಲಾಗಿದೆ. ಮಾನ್ಯರು ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಚಪ್ಪಾಳೆ ತಟ್ಟಬಾರದು. ಅದು ಮಾತು ಮುಗಿದ ಸೂಚನೆಯಲ್ಲ.

೪. ನಿಸರ್ಗದೊಂದಿಗೆ ಒಂದಾಗಲು ಅಡ್ಡಿಪಡಿಸುತ್ತಿದ್ದ ಇರುವೆಗಳಿಗೆ ಔಷಧಿ ಸಿಂಪಡಿಸಲಾಗಿದೆ. ಹಕ್ಕಿಗಳು ತಾವಾಗಿಯೇ ಬಿಟ್ಟುಹೋಗಿರುವುದರಿಂದ ಅವುಗಳ ಬಗ್ಗೆ ಪ್ರತ್ಯೇಕ ಆದೇಶದ ಅಗತ್ಯ ಕಂಡುಬಂದಿಲ್ಲ. ಮೊನ್ನೆ ಉಪನಿರ್ದೇಶಕರು ಕಣ್ಣು ಮುಚ್ಚಿ ಕುಳಿತಿದ್ದಾಗ ಅವರ ನೆತ್ತಿಯ ಮೇಲೆ ಹಣ್ಣೊಂದನ್ನು ಬೀಳಿಸಿದ ಕೊಂಬೆಯನ್ನು ಗುರುತಿಸಲಾಗಿದ್ದು, ಅದು ಮಾನ್ಯ ನಿರ್ದೇಶಕರಿಗೆ ನೆರಳು ನೀಡುತ್ತಿರುವ ಕೊಂಬೆಯೇ ಆಗಿರುವುದರಿಂದ ಎಚ್ಚರಿಕೆ ನೀಡಿ ಬಿಡಲಾಗಿದೆ.

೫. ಹೊಂದಿದ ನೆಮ್ಮದಿಯನ್ನು ಪ್ರತಿಯೊಬ್ಬರೂ ಅಂದೇ ಸಂಜೆಯೊಳಗೆ ‘ಸಾಧಾರಣ’, ‘ತೃಪ್ತಿಕರ’, ‘ಉತ್ತಮ’ ಎಂದು ನಮೂದಿಸಿ ಸಲ್ಲಿಸತಕ್ಕದ್ದು. ಏನೂ ಆಗದೆ ಇದ್ದವರು ಏನೂ ಆಗಿಲ್ಲವೆಂದಾದರೂ ವರದಿ ಕೊಡಬೇಕು. ಮಾನ್ಯ ನಿರ್ದೇಶಕರ ನೆಮ್ಮದಿಯು ಈವರೆಗೆ ‘ತೃಪ್ತಿಕರ’ ಹಂತದಲ್ಲಿರುವುದರಿಂದ ಅಧೀನ ಸಿಬ್ಬಂದಿ ಯಾರೂ ‘ಉತ್ತಮ’ ಎಂದು ಬರೆಯಬಾರದು. ಲೆಕ್ಕಪತ್ರ ಶಾಖೆಯ ಹಿರಿಯ ಸಹಾಯಕರು ಮೊದಲ ದಿನವೇ ಗೊರಕೆ ಹೊಡೆದದ್ದನ್ನು ಸಮಾಧಿ ಸ್ಥಿತಿಯೆಂದು ತಪ್ಪಾಗಿ ಗ್ರಹಿಸಿ ಅವರಿಗೆ ನೀಡಲಾಗಿದ್ದ ಪ್ರಶಂಸಾಪತ್ರವನ್ನು ಹಿಂಪಡೆಯಲಾಗಿದೆ.

೬. ಸದರಿ ಅಕ್ಕನ ಹೇಳಿಕೆಯಲ್ಲಿ ಬರುವ ‘ಯಾರೋ’ ಎಂಬುವರ ಕುರಿತು: ಇವರು ಕಚೇರಿ ಆವರಣಕ್ಕೆ ಪ್ರತಿದಿನ ಬರುತ್ತಿದ್ದರೂ ಗೇಟಿನಲ್ಲಿ ಹೆಸರು ಬರೆಸಿಲ್ಲ, ಪ್ರವೇಶ ಚೀಟಿ ಪಡೆದಿಲ್ಲ, ಯಾವ ಬಾಗಿಲಿನಿಂದ ಬರುತ್ತಾರೆಂಬುದೂ ಭದ್ರತಾ ಸಿಬ್ಬಂದಿಗೆ ತಿಳಿದಿಲ್ಲ. ಇದು ಗಂಭೀರ ಲೋಪ. ಕಾವಲುಗಾರರಿಂದ ಈ ಬಗ್ಗೆ ಸಮಜಾಯಿಷಿ ಕೇಳಲಾಗಿ ಅವರು, “ಸಾರ್, ಬರೋರನ್ನ ತಡೀಬಹುದು. ಅವರು ಬಂದಿದ್ದೇ ಕಾಣ್ಸಲ್ಲ ಅಂದ್ರೆ ನಾನು ಯಾರ ಕೊರಳಪಟ್ಟಿ ಹಿಡೀಲಿ?” ಎಂದು ಉತ್ತರಿಸಿರುವುದನ್ನು ಒಪ್ಪಲಾಗಿಲ್ಲ. ಇನ್ನು ಮುಂದೆ ಸದರಿ ಯಾರೋ ಅವರು ಬರುವುದಿದ್ದಲ್ಲಿ ಭಾವಚಿತ್ರದೊಂದಿಗೆ ಅರ್ಜಿ ಸಲ್ಲಿಸಿ ತಾತ್ಕಾಲಿಕ ಚೀಟಿ ಪಡೆದು ಬರತಕ್ಕದ್ದು.

ಅದಕ್ಕಿಂತ ಮುಖ್ಯವಾಗಿ, ಸದರಿ ಯಾರೋ ಅವರು ಮೊದಲು ಮಾನ್ಯ ನಿರ್ದೇಶಕರ ಪಕ್ಕದಲ್ಲಿ ಕೂರಬೇಕು. ತದನಂತರ ಉಪನಿರ್ದೇಶಕರು, ಹೀಗೆ ಕ್ರಮವಾಗಿ ಕೆಳಗೆ ಬರಬೇಕು. ಇಷ್ಟು ದಿನವಾದರೂ ಮಾನ್ಯರ ಪಕ್ಕದಲ್ಲಿ ಒಮ್ಮೆಯೂ ಕೂರದೆ, ದೊಡ್ಡವರನ್ನೆಲ್ಲ ಬಿಟ್ಟು ನೇರವಾಗಿ ದೂರು ಕೌಂಟರಿನ ನೌಕರರ ಪಕ್ಕ ಹೋಗಿ ಕೂರುವುದು ಇಲಾಖೆಯ ಶಿಸ್ತಿಗೆ ಮಾಡಿದ ಅವಮಾನ. ಮಾನ್ಯರ ಪಕ್ಕದಲ್ಲಿ ಇದಕ್ಕೆಂದೇ ಮೆತ್ತೆಯ ಕುರ್ಚಿಯೊಂದನ್ನು ಹಾಕಿಸಿ, ಟವೆಲ್ ಹೊದಿಸಿ, ನೀರಿನ ಬಾಟಲಿ ಇಡಲಾಗಿದೆ. ಕುರ್ಚಿ ಈವರೆಗೆ ಹಾಗೆಯೇ ಇದೆ. ನೀರನ್ನು ಉಪನಿರ್ದೇಶಕರು ಕುಡಿದಿದ್ದಾರೆ.

೭. ಸಿಮೆಂಟ್ ಪೈಪನ್ನು ಮಾನ್ಯ ನಿರ್ದೇಶಕರ ಪಾದಗಳಿಗೆ ಆಸರೆಯಾಗಿ ಬಳಸಿಕೊಳ್ಳಲಾಗಿದೆ. ನೆಮ್ಮದಿಯಲ್ಲಿ ಪೂರ್ವಾನುಭವವುಳ್ಳವರೆಂಬ ಕಾರಣಕ್ಕೆ ಸದರಿ ಅಕ್ಕನನ್ನು ಹಾಜರಾತಿ ಕೂಗುವುದು, ಕುರ್ಚಿ ಒರೆಸುವುದು ಹಾಗೂ ಮೈಕಿನ ತಂತಿ ಯಾರ ಕಾಲಿಗೂ ತೊಡರದಂತೆ ಹಿಡಿದು ನಿಲ್ಲುವುದು, ಈ ಕೆಲಸಗಳಿಗೆ ನಿಯೋಜಿಸಲಾಗಿತ್ತು. ಸದರಿ ಅಕ್ಕ ಒಂದು ವಾರ ಹಲ್ಲು ಕಚ್ಚಿಕೊಂಡು ತಂತಿ ಹಿಡಿದು ನಿಂತು, ಅನಂತರ ಅಧೀಕ್ಷಕರ ಮೇಜಿನ ಮುಂದೆ ಬಂದು ಮಾಡಿಕೊಂಡ ಮನವಿ ಹೀಗಿದೆ:

“ಸಾರ್, ಮರ ನೀವೇ ಇಟ್ಕೊಳ್ಳಿ. ಪೈಪೂ ಇಟ್ಕೊಳ್ಳಿ. ನನಗೆ ಆ ಅರ್ಧ ಗಂಟೆ ಒಂದು ವಾಪಸ್ ಕೊಡಿ. ಮುಂಚೆ ನಾನು ಹೇಗಿದ್ದೆ ಅಂತ ನಿಮಗೆ ಗೊತ್ತಿಲ್ಲ. ಬಾತ್‌ರೂಮಿಗೆ ಹೋಗಿ ಬಾಯಿಗೆ ಕರ್ಚೀಫು ತುರುಕ್ಕೊಂಡು ಕಿರುಚ್ತಿದ್ದೆ. ಮುಖ ತೊಳ್ಕೊಂಡು ಬಂದು ಮತ್ತೆ ‘ಹೇಳಿ, ಏನು ತೊಂದರೆ’ ಅಂತಿದ್ದೆ. ಈ ವಾರ ಎರಡು ಸಲ ಹಾಗೇ ಮಾಡಿದೀನಿ ಸಾರ್. ಇನ್ನೊಂದು ವಾರ ಹೀಗೇ ಹೋದ್ರೆ ಗಾಜಿನ ಮುಂದೆ ಯಾರಾದ್ರೂ ಪಾಪದವರ ಮೇಲೇ ಕಿರುಚಿಬಿಡ್ತೀನಿ. ನನಗೆ ಭಯ ಆಗ್ತಿದೆ.”

ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ ತಿರಸ್ಕರಿಸಲಾಗಿದೆ. ತಿರಸ್ಕಾರದ ಟಿಪ್ಪಣಿಯನ್ನು ಬರೆದ ಅಧೀಕ್ಷಕರು ಅಂದು ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ದ ವಿಷಯವು ಈ ಸುತ್ತೋಲೆಗೆ ಸಂಬಂಧಿಸಿದ್ದಲ್ಲ.

೮. ಇದಾದ ಮೇಲೆ ಸದರಿ ಅಕ್ಕ ಮೈಕಿನ ತಂತಿಯನ್ನು ಮರದ ಬುಡಕ್ಕೆ ಕಟ್ಟಿ, ಹಾಜರಾತಿ ಕೂಗಿ ಮುಗಿಸಿ, ಯಾರಿಗೂ ಹೇಳದೆ ಹೊರಟುಹೋಗಿರುವುದು ಪತ್ತೆಯಾಗಿದೆ. ಸುತ್ತಲಿನ ರಸ್ತೆ, ಬಸ್ ನಿಲ್ದಾಣ, ನೀರಿನ ಟ್ಯಾಂಕಿನ ಹಿಂಭಾಗಗಳಲ್ಲಿ ಹುಡುಕಿಸಲಾಯಿತು. ಕೊನೆಗೆ ಅವರು ಸಿಕ್ಕಿದ್ದು ಕಚೇರಿಯ ಒಳಗೇ, ತಮ್ಮದೇ ಕೌಂಟರಿನಲ್ಲಿ, ತಮ್ಮದೇ ಕುರ್ಚಿಯ ಮೇಲೆ.

ಎಲ್ಲ ಸಿಬ್ಬಂದಿಯೂ ಮೌನಕ್ಕೆಂದು ಹಿತ್ತಲಿಗೆ ಹೋಗಿದ್ದುದರಿಂದ ಕಚೇರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಫ್ಯಾನು ಆರಿಸಲಾಗಿತ್ತು. ದಪ್ಪ ಗೋಡೆಗಳ ಕಾರಣ ಹಿತ್ತಲಿನ ಧ್ವನಿವರ್ಧಕವೂ ಒಳಗೆ ಕೇಳುತ್ತಿರಲಿಲ್ಲ. ಮರ ಬಿಟ್ಟುಬಂದ ಹಕ್ಕಿಯೊಂದು ಕಿಟಕಿಯ ಸರಳಿನ ಮೇಲೆ ಕುಳಿತಿತ್ತು. ಸರಳಿನ ನೆರಳು ದೂರು ಪುಸ್ತಕದ ಮೇಲೆ ಬಿದ್ದಿತ್ತು. ಈ ಕಚೇರಿ ಕಟ್ಟಿದಂದಿನಿಂದ ಇಷ್ಟು ಪ್ರಶಾಂತವಾಗಿ ಎಂದೂ ಇರಲಿಲ್ಲವೆಂದು ತನಿಖೆಗೆ ಹೋದವರೇ ಒಪ್ಪಿದ್ದಾರೆ. ಕಾರಣ ಕೇಳಿದ್ದಕ್ಕೆ ಸದರಿ ಅಕ್ಕ ನೀಡಿದ ಉತ್ತರ: “ನೀವೆಲ್ಲ ಆಚೆ ಹೋದ್ರಲ್ಲ ಸಾರ್, ಒಳಗೇ ಚೆನ್ನಾಗಾಯ್ತು. ಅವರೂ ಇಲ್ಲಿಗೇ ಬಂದ್ರು.”

ನಿಗದಿತ ಸ್ಥಳದ ಹೊರಗೆ ಮೌನವಾಗಿದ್ದದ್ದು, ಅನುಮತಿಯಿಲ್ಲದೆ ನೆಮ್ಮದಿ ಹೊಂದಿದ್ದು, ಹಾಗೂ ಮಾನ್ಯರು ಕುರ್ಚಿ ಹಾಕಿಸಿ ಕಾಯುತ್ತಿದ್ದ ಅತಿಥಿಯನ್ನು ದೂರು ಕೌಂಟರಿಗೆ ಸೆಳೆದುಕೊಂಡಿದ್ದು, ಈ ಮೂರು ಆರೋಪಗಳನ್ನು ಸದರಿ ಅಕ್ಕನ ಮೇಲೆ ಹೊರಿಸಲಾಗಿದೆ. ಸಾಬೀತಾದಲ್ಲಿ ಅವರನ್ನು ಪಂಪ್‌ಹೌಸಿಗೆ ವರ್ಗಾಯಿಸಲಾಗುವುದು. ಅಲ್ಲಿ ಯಂತ್ರಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ.

೯. ಸಾಬೀತುಪಡಿಸುವ ಸಲುವಾಗಿ, ಇಲಾಖೆಯಲ್ಲೇ ಅತಿ ಹೆಚ್ಚು ಸದ್ದು ಮಾಡುವವರೆಂದು ಹೆಸರಾದ ಹಿರಿಯ ಜವಾನನನ್ನು ಸದರಿ ಅಕ್ಕನ ಪಕ್ಕದಲ್ಲಿ ಕೂರಿಸಲಾಯಿತು. ವಿರಾಮದುದ್ದಕ್ಕೂ ಗಂಟೆ ಬಾರಿಸುವುದು, ಬೀರುವಿನ ಬಾಗಿಲನ್ನು ತೆಗೆದು ಹಾಕಿ ಮಾಡುವುದು, ಕೆಮ್ಮುವುದು ಹಾಗೂ ತಮ್ಮ ಅಳಿಯನ ವಿಷಯ ಮಾತಾಡುವುದು ಅವರ ಕರ್ತವ್ಯಗಳಾಗಿದ್ದವು. ಕೊನೆಯಲ್ಲಿ ‘ಈ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು, ಮೂರನೆಯವರು ಯಾರೂ ಇರಲಿಲ್ಲ’ ಎಂದು ಸಹಿ ಮಾಡಿ ಕೊಡಬೇಕಿತ್ತು.

ಜವಾನ ಮೊದಲು ಗಂಟೆ ಬಾರಿಸಿದರು. ಬೀರುವಿನ ಬಾಗಿಲನ್ನೂ ಬಡಿದರು. ಅಳಿಯನ ವಿಷಯ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಇಲಾಖೆಯ ಚರಿತ್ರೆಯಲ್ಲಿ ಅಳಿಯನ ವಿಷಯ ಅರ್ಧಕ್ಕೆ ನಿಂತದ್ದು ಇದೇ ಮೊದಲು. ವಿರಾಮ ಮುಗಿದ ಮೇಲೆ ಅವರು ಕಾಗದವನ್ನು ಹಾಗೆಯೇ ತಂದು ಅಧೀಕ್ಷಕರ ಮುಂದಿಟ್ಟು ಹೇಳಿದ್ದು:

“ಕೋಣೇಲಿ ನಾವಿಬ್ರೇ ಇದ್ವಿ ಸಾರ್, ನನ್ನ ಕಣ್ಣಾಣೆ. ಆದ್ರೆ ಇಬ್ರೇ ಇದ್ವಿ ಅಂತ ಸಹಿ ಹಾಕೋಕೆ ಮಾತ್ರ ಕೈ ಬರ್ತಿಲ್ಲ. ಬೇಕಾದ್ರೆ ನನ್ನನ್ನೂ ಪಂಪ್‌ಹೌಸಿಗೆ ಹಾಕಿ.”

೧೦. ಜವಾನನ ಉದ್ಧಟತನವನ್ನು ಗಂಭೀರವಾಗಿ ಪರಿಗಣಿಸಿ, ಈ ಸುತ್ತೋಲೆಯ ಕರಡನ್ನು ಬರೆದಿರುವ ಕಚೇರಿ ಅಧೀಕ್ಷಕರೇ ಖುದ್ದಾಗಿ ವಿರಾಮದ ವೇಳೆ ಕೌಂಟರಿಗೆ ಹೋಗಿ, ಕುಳಿತು, ತಲೆ ಎಣಿಸಿ, ಇಬ್ಬರಿಗಿಂತ ಹೆಚ್ಚಿಗೆ ಯಾರೂ ಇಲ್ಲವೆಂದು ದೃಢೀಕರಿಸಿ, ಅನಂತರ ಈ ಸುತ್ತೋಲೆಗೆ ಸಹಿ ಹಾಕಿ ಹೊರಡಿಸತಕ್ಕದ್ದೆಂದು ಮಾನ್ಯ ನಿರ್ದೇಶಕರು ಆದೇಶಿಸಿದ್ದಾರೆ. ಸಹಿ ಬಿದ್ದ ಗಳಿಗೆಯಿಂದ ಸದರಿ ಅಕ್ಕನ ವರ್ಗಾವಣೆ ಜಾರಿಗೆ ಬರುವುದು. ಸಹಿಯಿಲ್ಲದ ಸುತ್ತೋಲೆಗೆ ಯಾವ ಬೆಲೆಯೂ ಇರುವುದಿಲ್ಲ ಎಂಬ ನಿಯಮವನ್ನು ಸಿಬ್ಬಂದಿಯ ಗಮನಕ್ಕೆ ಮತ್ತೊಮ್ಮೆ ತರಲಾಗಿದೆ.

(ಸಹಿ) ............................
ಕಚೇರಿ ಅಧೀಕ್ಷಕರು

ಷರಾ: ಎಣಿಕೆಗೆ ಹೋದ ಅಧೀಕ್ಷಕರು ಮೊದಲ ದಿನ ವಿರಾಮ ಮುಗಿದ ಮೇಲೂ ಎದ್ದು ಬರಲಿಲ್ಲ. ಎಣಿಕೆ ಎಷ್ಟಾಯಿತೆಂದು ಕೇಳಿದ್ದಕ್ಕೆ, “ಇನ್ನೂ ಸರಿಯಾಗಿ ಲೆಕ್ಕ ಸಿಕ್ಕಿಲ್ಲ ಸಾರ್, ನಾಳೆ ಮತ್ತೆ ಹೋಗಿ ನೋಡ್ತೀನಿ” ಎಂದರು. ಮರುದಿನವೂ ಅದನ್ನೇ ಎಂದರು. ಅವರು ಈಗ ಪ್ರತಿದಿನ ಹೋಗುತ್ತಿದ್ದಾರೆ. ಹೋಗುವಾಗ ಪೆನ್ನನ್ನು ಮೇಜಿನ ಮೇಲೆಯೇ ಬಿಟ್ಟು ಹೋಗುತ್ತಾರೆ.

ಪ್ರತಿಗಳು:

ಮಾನ್ಯ ನಿರ್ದೇಶಕರಿಗೆ, ಅತ್ತಿಮರದ ಕೆಳಗೆ, ಮೈಕಿನ ಹತ್ತಿರ. ಅವರು ಮಾತು ನಿಲ್ಲಿಸಿದಾಗ ಕೊಡುವುದು.

ಉಪನಿರ್ದೇಶಕರಿಗೆ, ಇನ್ನೊಂದು ಬಾಟಲಿ ನೀರಿನೊಂದಿಗೆ.

ಪಂಪ್‌ಹೌಸಿನ ಉಸ್ತುವಾರಿಗೆ, ವರ್ಗವಾಗಿ ಬರುವವರಿಗಾಗಿ ಖಾಲಿ ಇಟ್ಟಿರುವ ಸ್ಟೂಲನ್ನು ಸದ್ಯಕ್ಕೆ ಬೇರೆ ಯಾವುದಕ್ಕಾದರೂ ಬಳಸಿಕೊಳ್ಳುವ ಕೋರಿಕೆಯೊಂದಿಗೆ.

ಅತ್ತಿಮರಕ್ಕೆ, ಮಾಲಿಯ ಮುಖಾಂತರ. ಮೊಳೆ ಹೊಡೆಯಬಾರದು.

ಯಾರೋ ಅವರಿಗೆ. ವಿಳಾಸ ಲಭ್ಯವಿಲ್ಲ. ಪ್ರವೇಶ ಚೀಟಿಯ ಅಗತ್ಯವಿಲ್ಲವೆಂದು ಕಾವಲುಗಾರರಿಗೆ ಬಾಯಿಮಾತಿನಲ್ಲಿ ತಿಳಿಸಲಾಗಿದೆ.

ಸದರಿ ಅಕ್ಕನಿಗೆ, ಮಾಹಿತಿಗಾಗಿ. ವಿರಾಮ ಮುಗಿಯುವವರೆಗೆ ಕೊಡಬಾರದು.